ಬಿಸಿ ಇದೆ

ಹೊಸದೇನು ಬಂದರೂ ಅದರ ಬಾಯಿಗೆ
ನಾನು ಮೊದಲು ಹಾಕಿ ನೋಡುವುದು ಒಂದೇ ಅಕ್ಷರ.
ಘಾನಿ ಅಂತ, ನಮ್ಮ ಮೂವತ್ತಮೂರರಲ್ಲಿ ಒಂದು,
ದ್ರಾಕ್ಷಿ ಬಳ್ಳಿಯ ಕುಡಿ ಎರಡು ಸಲ ಯೋಚಿಸಿ ಬಾಗಿದ ಹಾಗೆ.
ಎಲ್ಲೆಲ್ಲಿಯದೋ ದೇಶದ ಹುಡುಗಿಯರು
ಅದನ್ನು ಹೃದಯವೆಂದುಕೊಂಡು
ತಮ್ಮ ಹೆಸರಿನ ಪಕ್ಕ ಅಂಟಿಸಿಕೊಳ್ಳುತ್ತಾರೆ.
ಕುತೈಸಿಯಲ್ಲಿ ನಮಗೆ ಅದು ರಾತ್ರಿಯ ಮೊದಲಕ್ಷರ,
ದ್ರಾಕ್ಷಾರಸದ್ದು, ದೇವರದ್ದೂ.
ಯಾವುದು ಮೊದಲು ಎನ್ನುವುದು ಅವರವರಿಗೆ ಬಿಟ್ಟದ್ದು.

ಹತ್ತರಲ್ಲಿ ಎಂಟು ಉಪಕರಣ ಅದನ್ನು ನುಂಗಿ
ಖಾಲಿ ಚೌಕವೊಂದನ್ನು ಕಕ್ಕುತ್ತವೆ.
ಒಂಬತ್ತನೆಯದು ಪ್ರಶ್ನೆ ಚಿಹ್ನೆ.
ಹತ್ತನೆಯದನ್ನು ಎರಡು ವಾರದ ಮಟ್ಟಿಗೆ ಮದುವೆಯಾಗುತ್ತೀ
ಎನ್ನುತ್ತಾಳೆ ಮಾಕ್ವಾಲಾ,
ಪೂರ್ತಿ ಮದುವೆಯಾದವಳು.

ಬೆಳಿಗ್ಗೆ ಕಾಫಿಗೆ ನೀರಿಡುವ ಮೊದಲೇ ಮೂರು ಖಾತೆ ತೆರೆದಿರುತ್ತೇನೆ.
ಒಂದು ನನ್ನ ನಿದ್ದೆಯನ್ನು ಅಳೆಯುತ್ತದೆ.
ಒಂದು ರಿಯೋನಿ ನದಿಯ ಮಟ್ಟ ಹೇಳುತ್ತದೆ,
ಕಿಟಕಿಯ ಪರದೆ ಸರಿಸಿದರೆ ಕಾಣುವ ನದಿ.
ಮೂರನೆಯದು ಏನು ಮಾಡುತ್ತದೋ ಇನ್ನೂ ಗೊತ್ತಾಗಿಲ್ಲ,
ಬಣ್ಣ ಚೆನ್ನಾಗಿದೆ.

ಈಸ್ಟರ್ ಊಟಕ್ಕೆ ಈ ಸಲ
ಮಾತನ್ನು ಕೇಳಿ ಸಾರಾಂಶ ಬರೆಯುವ ಯಂತ್ರ ಒಯ್ದಿದ್ದೆ.
ಮೇಜಿನ ಯಜಮಾನ, ತಮಾದಾ ವಾಲಿಕೋ
ತೀರಿಕೊಂಡವರಿಗಾಗಿ ಲೋಟ ಎತ್ತಿ
ಹನ್ನೊಂದು ನಿಮಿಷ ಮಾತಾಡಿದ.
ಯಂತ್ರ ಬರೆಯಿತು:
‘ಒಬ್ಬ ವ್ಯಕ್ತಿ ಹಲವು ವ್ಯಕ್ತಿಗಳ
ಗೈರುಹಾಜರಿಯನ್ನು ಗಮನಿಸಿದ್ದಾರೆ.’
ಎಲ್ಲರೂ ಹೊಟ್ಟೆ ಹಿಡಿದು ನಕ್ಕರು.
ವಾಲಿಕೋ ನಗಲಿಲ್ಲ.
ತಪ್ಪೇನಿದೆ ಇದರಲ್ಲಿ, ಅಂದ. ಕುಡಿದ.

ರೊಟ್ಟಿಯ ಪುಟ ಶುರುವಾದದ್ದು ಆ ಮೇಲೆ.
ನಮ್ಮ ಮನೆಯ ಕೆಳಗೇ ಮುರ್ಮಾನನ ತೋನೆ,
ನೆಲದಲ್ಲಿ ಹೂತ ಮಣ್ಣಿನ ಒಲೆ.
ಹುಟ್ಟಿಲ್ಲದ ದೋಣಿಯಂಥ ರೊಟ್ಟಿಯನ್ನು
ಒಳಗೋಡೆಗೆ ಬಡಿಯಲು ಅವನು ಬಗ್ಗಿದರೆ
ಎರಡೂ ಕಾಲು ನೆಲ ಬಿಡುತ್ತವೆ;
ಸೊಂಟದ ಮೇಲೆಲ್ಲ ಬೆಂಕಿಯ ಪಾಲು.
ಒಂದು ಗುಂಡಿ ಮಾಡಿ ಗೋಡೆಗೆ ಮೊಳೆ ಹೊಡೆದೆ.
ರೊಟ್ಟಿ ಬಂತೆಂದರೆ ಒತ್ತಬೇಕು,
ಪುಟದಲ್ಲಿ ‘ಬಿಸಿ ಇದೆ’ ಅಂತ ಬರುತ್ತದೆ. ಅಷ್ಟೆ.

ಮೂಗಿದ್ದವರಿಗೆ ಪುಟ ಯಾಕಪ್ಪಾ, ಅಂದ ಮುರ್ಮಾನ್.
ಆದರೂ ಹಿಟ್ಟಿನ ಕೈ ಬಿಟ್ಟು ಮೊಣಕೈಯಲ್ಲಿ ಒತ್ತಿದ,
ನನ್ನ ಮನಸ್ಸು ನೋಯಿಸಬಾರದೆಂದು.
ನಾಲ್ಕನೆಯ ದಿನ ಹಿಟ್ಟು ಸೇರಿ ಗುಂಡಿ ಕಚ್ಚಿಕೊಂಡಿತು.
ಅಂದಿನಿಂದ ಹಗಲೂ ರಾತ್ರಿ ಬಿಸಿ ಇದೆ,
ಮುರ್ಮಾನ್ ಬೀಗ ಹಾಕಿ ಮೊಮ್ಮಗಳ ನಾಮಕರಣಕ್ಕೆ ಹೋದಾಗಲೂ ಬಿಸಿ ಇದೆ.
ನಂಬಿ ಬಂದ ವಿದ್ಯಾರ್ಥಿಗಳು ಬಾಗಿಲಲ್ಲಿ ನನ್ನ ಹೆಸರು ಹಿಡಿದು ಬೈದರು.
ಮೂರನೇ ಮಹಡಿಯ ತ್ಸಿಯಾಲಾ ಮಾತ್ರ ಎಂದಿನಂತೆ
ಹಗ್ಗಕ್ಕೆ ಬುಟ್ಟಿ ಕಟ್ಟಿ ಇಳಿಸಿ
ಹೊತ್ತಿಗೆ ಸರಿಯಾಗಿ ರೊಟ್ಟಿ ಎಳೆದುಕೊಂಡಳು.
ಅವಳ ಜಾಲ ಒಂದು ದಿನವೂ ಕೆಟ್ಟದ್ದಿಲ್ಲ.

ಪುಟ ಮುಚ್ಚಿಬಿಡೋಣ ಅಂತ ಕೂತೆ.
ಮುಚ್ಚುವ ಮುನ್ನ ಅಭ್ಯಾಸಬಲ, ಯಾರು ಯಾರು ಬಂದಿದ್ದಾರೆ ನೋಡಿದೆ.
ಬೀದಿಯವರು ಎಲ್ಲ ಬಿಟ್ಟುಹೋಗಿದ್ದಾರೆ.
ಇಟಲಿಯ ಬಾರಿ ಪಟ್ಟಣದಿಂದ ಒಬ್ಬರು,
ರಾತ್ರಿ ಎರಡಕ್ಕೆ, ಮೂರೂವರೆಗೆ, ಮತ್ತೆ ಐದಕ್ಕೆ.
ತೊಂಬತ್ತಾರು ದಿನ.

ಕೇಳಿ ಬರೆದೆ. ಉತ್ತರ ಬಂತು, ನಮ್ಮದೇ ದುಂಡು ಅಕ್ಷರದಲ್ಲಿ,
ಒಂದೂ ಚೌಕವಿಲ್ಲದೆ:
‘ನಾನು ನಾರ್ಗಿಜಾ, ಸೇತುವೆ ಆಚೆಯವಳು.
ಇಲ್ಲೊಬ್ಬ ಮುದುಕಿಯನ್ನು ನೋಡಿಕೊಳ್ಳುತ್ತೇನೆ.
ರಾತ್ರಿ ಅವಳು ಮೂರು ಸಲ ಏಳುತ್ತಾಳೆ,
ಮಗ್ಗುಲು ಬದಲಿಸಿ ಮಲಗಿಸಿ ನಿನ್ನ ಪುಟ ನೋಡುತ್ತೇನೆ.
ನಡುರಾತ್ರಿ ರೊಟ್ಟಿ ಯಾರೂ ಸುಡುವುದಿಲ್ಲ,
ನನಗೇನು ಗೊತ್ತಿಲ್ಲವೇ.
ಕೆಟ್ಟಿದ್ದರೆ ಕೆಟ್ಟಿರಲಿ.
ಸರಿಮಾಡಲು ಹೋಗಬೇಡ.’

ಅಂಚೆಯ ಕೊನೆಗೆ ಒಂಟಿ ಘಾನಿ.
ರಾತ್ರಿಯೋ ದೇವರೋ ಬರೆಯಹೊರಟು
ಮುದುಕಿ ಎದ್ದಳೇನೋ.

ಇವತ್ತು ಬೆಳಿಗ್ಗೆ ಒಂದೂ ಖಾತೆ ತೆರೆಯದೆ ಕೆಳಗಿಳಿದೆ.
ಮುರ್ಮಾನನ ಎರಡು ಅಂಗಾಲು ಗಾಳಿಯಲ್ಲಿದ್ದವು.
ಗುಂಡಿ ಬಿಚ್ಚಿಕೊಂಡು ಹೋಗಲು ಬಂದೆಯಾ,
ಒಲೆಯೊಳಗಿಂದ ಕೇಳಿತು ದನಿ.
ಇಲ್ಲ, ಅಂದೆ. ಎರಡು ಕೊಡು.